ದೊಡ್ಡ ಕರುಳಿನ ಕ್ಯಾನ್ಸರ್ ಅಧ್ಯಯನಕ್ಕೆ ಯಾವ ಇಲಿ ಮಾಡೆಲ್ ಆರಿಸಬೇಕು? ಗೊತ್ತಿದ್ದವರು ಹೇಳಿ

ಹೊಸ ಸ್ಕಾಲರ್:

ಎಲ್ಲರಿಗೂ ನಮಸ್ಕಾರ. ಈಗಷ್ಟೇ ಪಿಎಚ್‌ಡಿಗೆ ಸೇರಿದ್ದೇನೆ. ವಿಷಯ ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್. ಉರಿಯೂತ ಕಡಿಮೆ ಮಾಡುವ ಒಂದು ಸಂಯುಕ್ತ ನಮ್ಮ ಲ್ಯಾಬ್‌ನಲ್ಲಿದೆ, ಅದು ಕರುಳಿನಲ್ಲಿ ಗೆಡ್ಡೆ ಬರುವುದನ್ನು ತಡೆಯುತ್ತದಾ ಅಂತ ಇಲಿಗಳಲ್ಲಿ ನೋಡಬೇಕು. ಅದಕ್ಕೆ ಒಂದು ಮಾಡೆಲ್ ಬೇಕು, ಅಂದರೆ ಮನುಷ್ಯರ ರೋಗವನ್ನು ಹೋಲುವ ರೋಗ ಇರುವ ಇಲಿ. "ಮಾಡೆಲ್ ನೀನೇ ಆರಿಸು, ಯಾಕೆ ಅಂತ ಎರಡು ಪುಟ ಬರೆದು ತಾ" ಅಂದಿದ್ದಾರೆ ಗೈಡ್.

ಓದಲು ಕೂತರೆ ಗೊಂದಲ ಜಾಸ್ತಿಯಾಗುತ್ತಿದೆ. ಒಂದು ಪೇಪರ್‌ನಲ್ಲಿ ಮಿನ್ ಇಲಿ, ಅಂದರೆ ಹುಟ್ಟಿನಿಂದಲೇ ಒಂದು ಜೀನ್ ಕೆಟ್ಟಿರುವ ಇಲಿ. ಇನ್ನೊಂದರಲ್ಲಿ ಎಒಎಂ-ಡಿಎಸ್‌ಎಸ್, ಅಂದರೆ ಕ್ಯಾನ್ಸರ್ ತರುವ ಒಂದು ರಾಸಾಯನಿಕ, ಕರುಳಿನಲ್ಲಿ ಉರಿಯೂತ ತರುವ ಇನ್ನೊಂದು. ಮತ್ತೊಂದರಲ್ಲಿ ಮನುಷ್ಯರ ಎಚ್‌ಸಿಟಿ116 ಕ್ಯಾನ್ಸರ್ ಕೋಶಗಳನ್ನು ನ್ಯೂಡ್ ಇಲಿಯ (ಕೂದಲಿಲ್ಲದ, ರೋಗನಿರೋಧಕ ಶಕ್ತಿ ಕುಂದಿದ ಇಲಿ) ಚರ್ಮದ ಕೆಳಗೆ ಚುಚ್ಚಿ ಗೆಡ್ಡೆ ಬೆಳೆಸಿದ್ದಾರೆ. ಮೂರಕ್ಕೂ ಕೊಲೊನ್ (ದೊಡ್ಡ ಕರುಳು) ಕ್ಯಾನ್ಸರ್ ಮಾಡೆಲ್ ಅಂತಲೇ ಹೆಸರು. ಇವು ಮೂರೂ ಒಂದೇ ರೋಗವಾ? ಯಾವುದನ್ನು ತೆಗೆದುಕೊಂಡರೆ ಒಳ್ಳೆಯದು?

ಕರುಳು ಲ್ಯಾಬ್:

ಒಂದೇ ರೋಗ ಅಲ್ಲ ತಂಗಿ. "ಯಾವುದು ಒಳ್ಳೆಯದು" ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. "ನಾನು ಏನು ಕೇಳುತ್ತಿದ್ದೇನೆ" ಅಂತ ಮೊದಲು ಬರೆದುಕೊಳ್ಳಿ, ಆಮೇಲೆ ಮಾಡೆಲ್ ತಾನಾಗೇ ಕಡಿಮೆಯಾಗುತ್ತಾ ಬಂದು ಒಂದೆರಡಕ್ಕೆ ನಿಲ್ಲುತ್ತದೆ.

ಮಿನ್ ಇಲಿಯಿಂದ ಶುರು ಮಾಡೋಣ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಏಮಿ ಮೋಸರ್, ಹೆನ್ರಿ ಪಿಟಾಟ್ ಮತ್ತು ವಿಲಿಯಂ ಡವ್ 1990ರಲ್ಲಿ ಇದನ್ನು ವರದಿ ಮಾಡಿದರು. ಇಎನ್‌ಯು ಅನ್ನುವ ರಾಸಾಯನಿಕ ಕೊಟ್ಟು ಜೀನ್‌ಗಳಲ್ಲಿ ಬದಲಾವಣೆ ತಂದ ಇಲಿಗಳ ವಂಶದಲ್ಲಿ ಕೆಲವಕ್ಕೆ ವಯಸ್ಸಾಗುತ್ತಾ ರಕ್ತಹೀನತೆ ಬರುತ್ತಿತ್ತು. ಕೊಯ್ದು ನೋಡಿದರೆ ಕರುಳಿನ ತುಂಬಾ ಪಾಲಿಪ್‌ಗಳು (ಒಳಗೋಡೆಯಲ್ಲಿ ಏಳುವ ಪುಟ್ಟ ಗಂಟುಗಳು), ಅಲ್ಲಿಂದಲೇ ರಕ್ತ ಸೋರುತ್ತಿತ್ತು. 1992ರಲ್ಲಿ ಕಾರಣ ಗೊತ್ತಾಯಿತು, ಕೋಶಗಳು ಅತಿಯಾಗಿ ಬೆಳೆಯದಂತೆ ತಡೆಯುವ ಎಪಿಸಿ ಜೀನ್‌ನ 850ನೇ ಕೋಡಾನ್ (ಪ್ರೋಟೀನ್‌ನ ಒಂದು ಕೊಂಡಿಯ ಸಂಕೇತ) ಕೆಟ್ಟು ಪ್ರೋಟೀನ್ ಅರ್ಧಕ್ಕೇ ನಿಂತುಹೋಗುತ್ತದೆ. ಇದೇ ಜೀನ್ ಮನುಷ್ಯರಲ್ಲಿ ಹುಟ್ಟಿನಿಂದ ಕೆಟ್ಟಿದ್ದರೆ ದೊಡ್ಡ ಕರುಳಿನಲ್ಲಿ ನೂರಾರು ಪಾಲಿಪ್ ಬರುವ ಎಫ್‌ಎಪಿ ಕಾಯಿಲೆ ಬರುತ್ತದೆ. ವಂಶದಲ್ಲಿ ಇಲ್ಲದವರಿಗೆ ಬರುವ ಕರುಳಿನ ಕ್ಯಾನ್ಸರ್‌ಗಳಲ್ಲೂ ಸುಮಾರು ಶೇ 80ರಲ್ಲಿ ಎಪಿಸಿ ಕೆಟ್ಟಿರುತ್ತದೆ. ಹಾಗಾಗಿ ರೋಗದ ಮೊದಲ ಹೆಜ್ಜೆ ನೋಡುವುದಕ್ಕೆ ಈ ಇಲಿಯನ್ನು ಬಿಟ್ಟು ಮಾತಾಡುವ ಹಾಗೇ ಇಲ್ಲ.

ಆದರೆ ಇದರ ಪಾಲಿಪ್‌ಗಳು ಬಹುಪಾಲು ಬರುವುದು ಸಣ್ಣ ಕರುಳಿನಲ್ಲಿ. ದೊಡ್ಡ ಕರುಳಿನಲ್ಲಿ ಬೆರಳೆಣಿಕೆಯಷ್ಟೇ. ಮನುಷ್ಯರಲ್ಲಿ ಸಣ್ಣ ಕರುಳಿನ ಕ್ಯಾನ್ಸರ್ ಅಪರೂಪ ಅಲ್ವಾ? ಜೊತೆಗೆ ಗೆಡ್ಡೆ ಗೋಡೆಯೊಳಗೆ ನುಗ್ಗುವುದು ಕಡಿಮೆ, ಲಿವರ್‌ಗೆ ಹರಡುವುದಂತೂ ಇಲ್ಲವೇ ಇಲ್ಲ ಅನ್ನಬಹುದು. ಅಷ್ಟರೊಳಗೆ ಇಲಿ ರಕ್ತಹೀನತೆಯಿಂದ ಸಾಯುತ್ತದೆ.

ಇಲಿಯ ತಳಿಯೂ ಮುಖ್ಯ. ಬಿ6 ತಳಿಯಲ್ಲಿ ಹತ್ತಾರು ಪಾಲಿಪ್ ಬರುವ ಅದೇ ಮ್ಯುಟೇಷನ್ (ಜೀನ್ ಬದಲಾವಣೆ), ಎಕೆಆರ್ ತಳಿಯ ಜೊತೆ ಕೂಡಿಸಿದರೆ ಎಷ್ಟೋ ಕಡಿಮೆಯಾಗುತ್ತದೆ. ಬೇರೆ ಜೀನ್‌ಗಳು ಅದನ್ನು ತಡೆಯುತ್ತವೆ. ತಳಿ ಬರೆಯದ ಪೇಪರ್ ಸಿಕ್ಕಿದರೆ ಅದರ ಸಂಖ್ಯೆಗಳನ್ನು ನಿಮ್ಮದರ ಜೊತೆ ಹೋಲಿಸಲು ಹೋಗಬೇಡಿ.

ಪ್ಯಾಥಾಲಜಿ ಮೇಜು:

ಮೇಲಿನದಕ್ಕೆ ಒಂದು ಸೇರಿಸುತ್ತೇನೆ. ಮಿನ್ ಇಲಿಯಲ್ಲಿ ಕಾಣುವುದು ಅಡಿನೋಮಾ, ಅಂದರೆ ಕ್ಯಾನ್ಸರ್ ಆಗುವ ಮೊದಲಿನ ಗೆಡ್ಡೆ. ಪೇಪರ್‌ನ ತಲೆಬರಹದಲ್ಲಿ "ಕ್ಯಾನ್ಸರ್ ಕಡಿಮೆಯಾಯಿತು" ಅಂತ ಇರುತ್ತದೆ, ಸ್ಲೈಡ್ ನೋಡಿದರೆ ಪೊರೆ ದಾಟಿ ಒಳಗೆ ಇಳಿದ ಒಂದೇ ಒಂದು ಗ್ರಂಥಿಯೂ ಇರುವುದಿಲ್ಲ. ಇದು ನನಗೆ ನಿಜಕ್ಕೂ ಬೇಸರ ತರುವ ವಿಷಯ. ಪಾಲಿಪ್ ತಡೆಯುವುದು ದೊಡ್ಡ ಕೆಲಸವೇ, ಅದನ್ನು ಹಾಗೇ ಹೇಳಿದರೆ ಏನು ಕಡಿಮೆಯಾಗುತ್ತದೆ?

ಇನ್ನೊಂದು, ಇಲಿಯ ಕರುಳಿನಲ್ಲಿ ಉರಿಯೂತ ಇದ್ದಾಗ ಗ್ರಂಥಿಗಳು ಕೆಳಕ್ಕೆ ಜಾರಿ ಕೂತಿರುತ್ತವೆ. ಹೊಸಬರು ನೋಡಿದರೆ ಕ್ಯಾನ್ಸರ್ ಒಳಗೆ ನುಗ್ಗಿದೆ ಅನ್ನಿಸುತ್ತದೆ. ಡಿಎಸ್‌ಎಸ್ ಕೊಟ್ಟ ಇಲಿಗಳಲ್ಲಿ ಇದು ಮಾಮೂಲು. ಇಲಿಯ ಕರುಳು ನೋಡಿ ಅಭ್ಯಾಸ ಇರುವ ಪ್ಯಾಥಾಲಜಿಸ್ಟ್ ಒಬ್ಬರನ್ನು ಶುರುವಿನಲ್ಲೇ ಜೊತೆಗೆ ಸೇರಿಸಿಕೊಳ್ಳಿ, ಕೊನೆಯಲ್ಲಿ ಸ್ಲೈಡ್ ಡಬ್ಬಿ ಹಿಡಿದುಕೊಂಡು ಹೋಗಬೇಡಿ.

ಹೊಸ ಸ್ಕಾಲರ್:

ತುಂಬಾ ಥ್ಯಾಂಕ್ಸ್ ಸರ್, ಮೇಡಂ. ನಮ್ಮ ಸಂಯುಕ್ತ ಉರಿಯೂತದ ಮೇಲೆ ಕೆಲಸ ಮಾಡುವುದರಿಂದ ಹಾಗಾದರೆ ಎಒಎಂ-ಡಿಎಸ್‌ಎಸ್ ಸರಿಯಾಗುತ್ತದಾ?

ಪ್ರಾಣಿ ವೈದ್ಯೆ:

ಸರಿಯಾಗಬಹುದು. ಆದರೆ ಇದರಲ್ಲಿ ಮೋಸ ಹೋಗುವ ಜಾಗಗಳು ಜಾಸ್ತಿ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಸಾಮಾನ್ಯವಾಗಿ ಮಾಡುವುದು ಹೀಗೆ. ಎಒಎಂ ಅಂದರೆ ಅಜಾಕ್ಸಿಮೀಥೇನ್, ಕೆಜಿ ತೂಕಕ್ಕೆ 10 ಮಿಲಿಗ್ರಾಂನಂತೆ ಹೊಟ್ಟೆಯೊಳಗೆ ಒಂದೇ ಇಂಜೆಕ್ಷನ್. ಒಂದು ವಾರ ಬಿಟ್ಟು ಕುಡಿಯುವ ನೀರಿನಲ್ಲಿ ಶೇ 2ರ ಆಸುಪಾಸಿನಲ್ಲಿ ಡಿಎಸ್‌ಎಸ್, ಐದರಿಂದ ಏಳು ದಿನ. ಆಮೇಲೆ ಬರೀ ನೀರು. ಕೆಲವರು ಈ ಸುತ್ತನ್ನು ಮೂರು ಸಲ ಮಾಡುತ್ತಾರೆ. ಹತ್ತರಿಂದ ಇಪ್ಪತ್ತು ವಾರದೊಳಗೆ ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ ಗೆಡ್ಡೆ ಬರುತ್ತದೆ. ಜಾಗ ಮನುಷ್ಯರಿಗೆ ಹತ್ತಿರ, ಸಮಯವೂ ಕಡಿಮೆ, ರೋಗನಿರೋಧಕ ಶಕ್ತಿ ಪೂರ್ತಿ ಇರುವ ಇಲಿ. ಅದಕ್ಕೇ ಎಲ್ಲರಿಗೂ ಇದು ಇಷ್ಟ.

ಈಗ ಮೋಸ ಹೋಗುವ ಜಾಗ ನೋಡಿ. ಎಒಎಂ ನೇರವಾಗಿ ಕ್ಯಾನ್ಸರ್ ತರುವುದಿಲ್ಲ. ಲಿವರ್‌ನಲ್ಲಿ ಸಿವೈಪಿ2ಇ1 ಅನ್ನುವ ಕಿಣ್ವ ಅದನ್ನು ಬದಲಾಯಿಸಿದ ಮೇಲೇ ಅದು ಡಿಎನ್‌ಎಗೆ ಹಾನಿ ಮಾಡುವುದು. ನಿಮ್ಮ ಸಂಯುಕ್ತವನ್ನು ಎಒಎಂಗಿಂತ ಮೊದಲೇ ಕೊಟ್ಟು, ಅದು ಈ ಕಿಣ್ವವನ್ನು ತಡೆದುಬಿಟ್ಟರೆ? ಗೆಡ್ಡೆ ಕಡಿಮೆ ಬರುತ್ತದೆ, ನೀವು ಕ್ಯಾನ್ಸರ್ ತಡೆಯಿತು ಅಂತ ಬರೆಯುತ್ತೀರಿ. ಆಗಿದ್ದು ಏನೆಂದರೆ ವಿಷ ವಿಷವಾಗಲೇ ಇಲ್ಲ, ಅಷ್ಟೇ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಂ ಮಾತ್ರೆ ಹೀಗೇ ಇದೇ ಗುಂಪಿನ ರಾಸಾಯನಿಕಗಳನ್ನು ತಡೆಯುತ್ತದೆ. ಮನುಷ್ಯರು ಎಒಎಂ ತಿನ್ನುವುದಿಲ್ಲವಲ್ಲ, ಹಾಗಾಗಿ ಆ ರಕ್ಷಣೆಯಿಂದ ರೋಗಿಗೆ ಪ್ರಯೋಜನವಿಲ್ಲ. ಎಒಎಂ ಕೊಟ್ಟು ಕೆಲವು ದಿನ ಕಳೆದ ಮೇಲೆ ಸಂಯುಕ್ತ ಶುರು ಮಾಡುವ ಒಂದು ಗುಂಪು ಇರಲೇಬೇಕು.

ಎರಡನೆಯದು ನೀರಿನ ಬಾಟಲಿ. ಸಂಯುಕ್ತವನ್ನು ನೀರಿಗೇ ಹಾಕುವ ಯೋಚನೆ ಇದ್ದರೆ ಬಿಟ್ಟುಬಿಡಿ. ಕಹಿ ಇದ್ದರೆ ಇಲಿ ನೀರು ಕಡಿಮೆ ಕುಡಿಯುತ್ತದೆ, ಡಿಎಸ್‌ಎಸ್ ಕಡಿಮೆ ಹೋಗುತ್ತದೆ, ಉರಿಯೂತ ಕಡಿಮೆ, ಗೆಡ್ಡೆಯೂ ಕಡಿಮೆ. ಬಾಟಲಿಯನ್ನು ದಿನಾ ತೂಕ ಮಾಡಿದರೆ ಮಾತ್ರ ಇದು ಗೊತ್ತಾಗುತ್ತದೆ. ಡಿಎಸ್‌ಎಸ್ ಕೂಡ ಒಂದು ಬ್ಯಾಚ್ ಇದ್ದಂತೆ ಇನ್ನೊಂದು ಇರುವುದಿಲ್ಲ, ಪೂರ್ತಿ ಪ್ರಯೋಗಕ್ಕೆ ಆಗುವಷ್ಟು ಒಂದೇ ಲಾಟ್ ತರಿಸಿಕೊಳ್ಳಿ. ನಿಮ್ಮ ಇಲಿಮನೆಯಲ್ಲಿ ಶೇ ಎಷ್ಟು ಬೇಕು ಅನ್ನುವುದನ್ನು ಮೊದಲು ಚಿಕ್ಕ ಗುಂಪಿನಲ್ಲಿ ನೋಡಿ.

ಮೂರನೆಯದು ಪ್ರಾಣಿಯ ನೋವು. ದಿನಾ ತೂಕ ನೋಡಲೇಬೇಕು. ಹಿಕ್ಕೆ ಮೆತ್ತಗಾಗಿದೆಯಾ, ರಕ್ತ ಇದೆಯಾ, ಬೆನ್ನು ಗೂನು ಮಾಡಿಕೊಂಡು ಮೂಲೆಯಲ್ಲಿ ಕೂತಿದೆಯಾ, ಕೂದಲು ಕೆದರಿದೆಯಾ. ತೂಕ ಶೇ 20 ಇಳಿದರೆ ಆ ಇಲಿಯ ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಬೇಕು, ಡೇಟಾ ಹೋಗುತ್ತದೆ ಅಂತ ಇನ್ನೆರಡು ದಿನ ಕಾಯಬಾರದು. ಆಹಾರವನ್ನು ನೆನೆಸಿ ಪಂಜರದ ನೆಲದಲ್ಲೇ ಇಡಿ, ನಿಶ್ಶಕ್ತಿಯಾದಾಗ ಅವು ಮೇಲೆ ಹತ್ತಿ ತಿನ್ನುವುದಿಲ್ಲ. ಗೆಡ್ಡೆ ಕೊನೆಯ ಭಾಗದಲ್ಲಿ ಬರುವುದರಿಂದ ಗುದನಾಳ ಹೊರಗೆ ಜಾರುವುದೂ ಉಂಟು. ಅಂಥ ಇಲಿಯನ್ನು ಏನು ಮಾಡುತ್ತೀರಿ ಅನ್ನುವುದು ಪ್ರಾಣಿ ಪ್ರಯೋಗದ ಅನುಮತಿ ಅರ್ಜಿಯಲ್ಲಿ ಮೊದಲೇ ಬರೆದಿರಬೇಕು.

ಕರುಳು ಲ್ಯಾಬ್:

ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ಜೊತೆಗೆ ಇದೂ ನೆನಪಿರಲಿ, ಎಒಎಂ-ಡಿಎಸ್‌ಎಸ್ ಗೆಡ್ಡೆಗಳಲ್ಲಿ ಸಾಮಾನ್ಯವಾಗಿ ಕೆಡುವುದು ಬೀಟಾ-ಕೆಟೆನಿನ್ ಜೀನ್, ಎಪಿಸಿ ಅಲ್ಲ. ಎರಡೂ ಒಂದೇ ಸಿಗ್ನಲ್ ದಾರಿಯಲ್ಲಿ ಬರುತ್ತವೆ, ಆದರೂ ಒಂದೇ ಅಲ್ಲ. ಮನುಷ್ಯರಲ್ಲಿ ಇದಕ್ಕೆ ಹತ್ತಿರ ಇರುವುದು ವರ್ಷಗಟ್ಟಲೆ ಕೊಲೈಟಿಸ್ (ದೊಡ್ಡ ಕರುಳಿನ ಉರಿಯೂತ) ಇದ್ದವರಿಗೆ ಬರುವ ಕ್ಯಾನ್ಸರ್. ಅದು ಒಟ್ಟು ಕರುಳಿನ ಕ್ಯಾನ್ಸರ್‌ನಲ್ಲಿ ಚಿಕ್ಕ ಪಾಲು.

ಆರೈಕೆ ಮಾಡುವವಳು:

ನಾನು ಸಂಶೋಧಕಿ ಅಲ್ಲ. ನಮ್ಮ ಅಮ್ಮನಿಗೆ ದೊಡ್ಡ ಕರುಳಿನ ಕ್ಯಾನ್ಸರ್, ಲಿವರ್‌ಗೆ ಹರಡಿದೆ. ಇಲಿಗಳಲ್ಲಿ ಗೆಡ್ಡೆ ಪೂರ್ತಿ ಮಾಯವಾಯಿತು ಅಂತ ಆಗಾಗ ಸುದ್ದಿ ಬರುತ್ತದೆ. ಓದಿದ ಕೂಡಲೇ ಅಮ್ಮನಿಗೆ ತೋರಿಸುತ್ತೇನೆ, ಆಮೇಲೆ ಏನೂ ಆಗುವುದಿಲ್ಲ. ಇಲಿಗೆ ಆಗಿದ್ದು ನಮಗೆ ಯಾಕೆ ಆಗುವುದಿಲ್ಲ ಅಂತ ಯಾರಾದರೂ ಅರ್ಥವಾಗುವ ಹಾಗೆ ಹೇಳುತ್ತೀರಾ?

ಇಮ್ಯೂನ್ ಕೋಣೆ:

ಹೇಳುತ್ತೇನೆ ಅಕ್ಕ. ನಿಮ್ಮ ಪ್ರಶ್ನೆಯೇ ಈ ಚರ್ಚೆಯ ತಿರುಳು.

ದೇಹದ ರೋಗನಿರೋಧಕ ಶಕ್ತಿಯಿಂದಲೇ ಕ್ಯಾನ್ಸರ್ ಎದುರಿಸುವುದಕ್ಕೆ ಇಮ್ಯುನೊಥೆರಪಿ ಅನ್ನುತ್ತಾರೆ. ಅದರ ಪ್ರಯೋಗಗಳಲ್ಲಿ ತುಂಬಾ ಬಳಸುವ ಎರಡು ಗೆಡ್ಡೆ ಕೋಶಗಳಿವೆ, ಎಂಸಿ38 ಮತ್ತು ಸಿಟಿ26. ಎರಡೂ 1970ರ ದಶಕದಲ್ಲಿ ರಾಸಾಯನಿಕ ಕೊಟ್ಟು ಇಲಿಗಳಲ್ಲಿ ತರಿಸಿದ ಗೆಡ್ಡೆಗಳಿಂದ ಬಂದವು. ಕೋಶಗಳನ್ನು ಇಲಿಯ ಪಕ್ಕೆಯ ಚರ್ಮದ ಕೆಳಗೆ ಚುಚ್ಚಿದರೆ ಒಂದೆರಡು ವಾರದಲ್ಲಿ ಗೆಡ್ಡೆ ಕೈಗೆ ಸಿಗುತ್ತದೆ, ಕ್ಯಾಲಿಪರ್ ಹಿಡಿದು ಅಳೆಯಬಹುದು. ಸುಲಭ, ಬೇಗ. ಆದರೆ ಅದು ಕರುಳಿನಲ್ಲಿ ಇಲ್ಲ, ಲಿವರ್‌ನಲ್ಲೂ ಇಲ್ಲ. ಸಿಟಿ26ರಲ್ಲಿ ಎಪಿಸಿ ಕೆಟ್ಟೇ ಇಲ್ಲ. ಎಂಸಿ38ರಲ್ಲಿ ಮ್ಯುಟೇಷನ್‌ಗಳು ವಿಪರೀತ, ಹಾಗಾಗಿ ಇಲಿಯ ರೋಗನಿರೋಧಕ ಕೋಶಗಳು ಅದನ್ನು ಹೊರಗಿನದು ಅಂತ ಬೇಗ ಗುರುತಿಸುತ್ತವೆ. ಆ ಕೋಶಗಳಿಗೆ ಬ್ರೇಕ್ ಹಾಕುವ ಪಿಡಿ-1 ಅನ್ನು ತಡೆಯುವ ಔಷಧ ಕೊಟ್ಟರೆ ಗೆಡ್ಡೆ ಕರಗುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ.

ಮನುಷ್ಯರಲ್ಲಿ ಹೀಗೆ ಮ್ಯುಟೇಷನ್ ತುಂಬಿರುವ ಗುಂಪಿಗೆ ಎಂಎಸ್‌ಐ-ಹೈ ಅನ್ನುತ್ತಾರೆ. ಅವರಿಗೆ ಈ ಔಷಧ ನಿಜಕ್ಕೂ ಚೆನ್ನಾಗಿ ಕೆಲಸ ಮಾಡುತ್ತದೆ, ಅಮೆರಿಕದಲ್ಲಿ 2017ರಲ್ಲೇ ಒಪ್ಪಿಗೆ ಸಿಕ್ಕಿದೆ. ಆದರೆ ಹರಡಿದ ಕರುಳಿನ ಕ್ಯಾನ್ಸರ್‌ನಲ್ಲಿ ಅವರು ನೂರಕ್ಕೆ ನಾಲ್ಕೈದು ಜನ. ಉಳಿದವರಿಗೆ ಇದೊಂದೇ ಔಷಧದಿಂದ ಹೆಚ್ಚಿನ ಉಪಯೋಗ ಕಂಡಿಲ್ಲ. ಆ ಇಲಿಯ ಗೆಡ್ಡೆ ನಾಲ್ಕೈದು ಜನರ ಕಡೆಯದು, ಸುದ್ದಿ ಮಾತ್ರ ನೂರು ಜನರ ಹೆಸರಿನಲ್ಲಿ ಬರುತ್ತದೆ.

ಅಮ್ಮನ ಗೆಡ್ಡೆಗೆ ಎಂಎಸ್‌ಐ ಅಥವಾ ಎಂಎಂಆರ್ ಪರೀಕ್ಷೆ (ಆ ಗುಂಪಿನದಾ ಅಂತ ತಿಳಿಸುವುದು) ಆಗಿದೆಯಾ, ರಾಸ್, ಬಿ-ರಾಫ್, ಹರ್2 ಜೀನ್‌ಗಳನ್ನು ನೋಡಿದ್ದಾರಾ ಅಂತ ನಿಮ್ಮ ಆಂಕಾಲಜಿಸ್ಟ್ ಹತ್ತಿರ ಕೇಳಿ. ಇಲಿಯ ಸುದ್ದಿಗಿಂತ ಆ ಒಂದು ಕಾಗದ ನಿಮಗೆ ಜಾಸ್ತಿ ಹೇಳುತ್ತದೆ.

ಆರೈಕೆ ಮಾಡುವವಳು:

ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಈ ಹೆಸರುಗಳನ್ನು ಬರೆದುಕೊಂಡೆ, ಮುಂದಿನ ಭೇಟಿಯಲ್ಲಿ ಕೇಳುತ್ತೇನೆ. ಇಲಿಯಿಂದ ರೋಗಿಗೆ ಸರಿಯಾಗಿ ತಲುಪಿದ ಉದಾಹರಣೆ ಒಂದಾದರೂ ಇದೆಯಾ?

ಕರುಳು ಲ್ಯಾಬ್:

ಇದೆ. ನನಗೆ ತುಂಬಾ ಇಷ್ಟವಾದದ್ದು ಹರ್2 ಕಥೆ. ಇಟಲಿಯ ಟ್ಯೂರಿನ್‌ನ ತಂಡ ರೋಗಿಗಳ ಲಿವರ್‌ನಿಂದ ತೆಗೆದ ಗೆಡ್ಡೆಯ ಚೂರುಗಳನ್ನು ನೇರವಾಗಿ ಇಲಿಗಳಲ್ಲಿ ಬೆಳೆಸಿತು. ಒಬ್ಬ ರೋಗಿಯ ಗೆಡ್ಡೆ ಎಷ್ಟೋ ಇಲಿಗಳಲ್ಲಿ, ಹಾಗೆ ಹತ್ತಾರು ರೋಗಿಗಳದ್ದು. ಸೆಟುಕ್ಸಿಮ್ಯಾಬ್ ಔಷಧ ಯಾವ ಗೆಡ್ಡೆಗೆ ಕೆಲಸ ಮಾಡಲಿಲ್ಲ, ಯಾಕೆ ಅಂತ ಹುಡುಕುತ್ತಾ ಹೋದಾಗ ಕೆಲವದರಲ್ಲಿ ಹರ್2 ಜೀನ್ ವಿಪರೀತ ಹೆಚ್ಚಾಗಿರುವುದು ಕಂಡಿತು. 2011ರಲ್ಲಿ ಪ್ರಕಟವಾಯಿತು. ಅದೇ ಇಲಿಗಳಲ್ಲಿ ಹರ್2 ತಡೆಯುವ ಎರಡು ಔಷಧ ಒಟ್ಟಿಗೆ ಕೊಟ್ಟಾಗ ಗೆಡ್ಡೆ ಕುಗ್ಗಿತು. ಆಮೇಲೆ ಹೆರಾಕ್ಲಿಸ್ ಅನ್ನುವ ಟ್ರಯಲ್. ಬೇರೆ ಚಿಕಿತ್ಸೆಗಳು ಮುಗಿದಿದ್ದ, ಹರ್2 ಹೆಚ್ಚಿದ್ದ 27 ರೋಗಿಗಳಿಗೆ ಟ್ರಾಸ್ಟುಜುಮ್ಯಾಬ್ ಮತ್ತು ಲಪಾಟಿನಿಬ್ ಕೊಟ್ಟರು, 8 ಜನರಲ್ಲಿ ಗೆಡ್ಡೆ ಗಣನೀಯವಾಗಿ ಕುಗ್ಗಿತು. 2016ರಲ್ಲಿ ಬಂತು ಆ ಫಲಿತಾಂಶ.

ಇಲ್ಲಿ ಯಾಕೆ ತಲುಪಿತು ಅಂದರೆ ಪ್ರಶ್ನೆಗೂ ಪ್ರಾಣಿಗೂ ಹೊಂದಾಣಿಕೆ ಇತ್ತು. ಕೇಳಿದ್ದು ಕ್ಯಾನ್ಸರ್ ಕೋಶದ ಒಳಗಿನ ವಿಷಯ, ಕೋಶ ರೋಗಿಯದೇ. ಇದೇ ಇಲಿಯಲ್ಲಿ ಇಮ್ಯುನೊಥೆರಪಿ ಕೇಳಿದ್ದರೆ ಉತ್ತರ ಸಿಗುತ್ತಿರಲಿಲ್ಲ, ಯಾಕೆಂದರೆ ಮನುಷ್ಯರ ಗೆಡ್ಡೆ ಬೆಳೆಯಬೇಕಾದರೆ ಇಲಿಯ ರೋಗನಿರೋಧಕ ಶಕ್ತಿಯೇ ಇರಬಾರದು. ಅಂದಹಾಗೆ ನ್ಯೂಡ್ ಇಲಿಯಲ್ಲಿ ಮೊದಲು ಬೆಳೆಸಿದ ಮನುಷ್ಯರ ಗೆಡ್ಡೆ ದೊಡ್ಡ ಕರುಳಿನದ್ದೇ, 1969ರಲ್ಲಿ ಡೆನ್ಮಾರ್ಕ್‌ನ ರಿಗಾರ್ಡ್ ಮತ್ತು ಪೊವ್ಲ್‌ಸೆನ್ ಮಾಡಿದ್ದು.

ಅರ್ಧ ತಲುಪಿದ ಕಥೆಯೂ ಒಂದಿದೆ. 1996ರಲ್ಲಿ ಜಪಾನಿನ ತಂಡ ಎಪಿಸಿ ಕೆಟ್ಟ ಇಲಿಗಳಲ್ಲಿ ಉರಿಯೂತಕ್ಕೆ ಸಂಬಂಧಿಸಿದ ಕಾಕ್ಸ್-2 ಜೀನ್ ತೆಗೆದಾಗ ಪಾಲಿಪ್‌ಗಳು ಶೇ 86ರಷ್ಟು ಕಡಿಮೆಯಾದವು. ಕಾಕ್ಸ್-2 ತಡೆಯುವ ಸೆಲೆಕಾಕ್ಸಿಬ್ ಎಫ್‌ಎಪಿ ರೋಗಿಗಳಲ್ಲಿ ಆರು ತಿಂಗಳಲ್ಲಿ ಪಾಲಿಪ್ ಶೇ 28 ಕಡಿಮೆ ಮಾಡಿತು. ದಿಕ್ಕು ಸರಿ ಇತ್ತು, ಅಳತೆ ಬೇರೆ. ಆಮೇಲೆ 2005ರಲ್ಲಿ ಬಂದ ದೊಡ್ಡ ಟ್ರಯಲ್‌ನಲ್ಲಿ ಹೃದಯದ ತೊಂದರೆ ಹೆಚ್ಚಾಗುವುದು ಗೊತ್ತಾಯಿತು. ನಾಲ್ಕೈದು ತಿಂಗಳು ಬದುಕುವ ಇಲಿಯಲ್ಲಿ ಪಾಲಿಪ್ ಎಣಿಸುತ್ತಿದ್ದವರಿಗೆ ಅದು ಕಾಣುವುದಾದರೂ ಹೇಗೆ?

ಆರ್ಗನಾಯ್ಡ್ ಬೆಳೆಸುವವ:

ಇಷ್ಟೆಲ್ಲ ತೊಂದರೆ ಇದ್ದ ಮೇಲೆ ಇನ್ನೂ ಯಾಕೆ ಪ್ರಾಣಿಗಳು ಅಂತ ಕೇಳಲೇಬೇಕಾಗುತ್ತದೆ. ರೋಗಿಯ ಗೆಡ್ಡೆಯಿಂದಲೇ ತಟ್ಟೆಯಲ್ಲಿ ಪುಟ್ಟ ಗೆಡ್ಡೆ ಬೆಳೆಸಬಹುದು ಈಗ, ಹೀಗೆ ಬೆಳೆಸಿದ್ದಕ್ಕೆ ಆರ್ಗನಾಯ್ಡ್ ಅನ್ನುತ್ತಾರೆ. 2009ರಲ್ಲಿ ಸಾತೊ ಮತ್ತು ಕ್ಲೆವರ್ಸ್ ಒಂದೇ ಕಾಂಡಕೋಶದಿಂದ ಇಲಿಯ ಕರುಳಿನ ಆರ್ಗನಾಯ್ಡ್ ಬೆಳೆಸಿ ತೋರಿಸಿದರು, ಆಮೇಲೆ ಮನುಷ್ಯರದ್ದೂ ಬಂತು. ಅಮೆರಿಕದಲ್ಲಿ 2022ರ ಡಿಸೆಂಬರ್‌ನಲ್ಲಿ ಕಾನೂನೇ ಬದಲಾಯಿತು, ಹೊಸ ಔಷಧಕ್ಕೆ ಪ್ರಾಣಿ ಪ್ರಯೋಗ ಕಡ್ಡಾಯ ಅಂತ ಈಗ ಇಲ್ಲ. ಹತ್ತು ಸಂಯುಕ್ತ ಇದ್ದರೆ ಮೊದಲು ತಟ್ಟೆಯಲ್ಲಿ ನೋಡಿ, ಒಂಬತ್ತು ಅಲ್ಲೇ ಬಿದ್ದುಹೋದರೆ ಅಷ್ಟು ಇಲಿಗಳು ಉಳಿಯುತ್ತವೆ. ಸುಮ್ನೆ ಅಭ್ಯಾಸಕ್ಕೆ ಇಲಿ ಬಳಸುವುದನ್ನು ನಾನು ಒಪ್ಪುವುದಿಲ್ಲ.

ಇಮ್ಯೂನ್ ಕೋಣೆ:

ಒಂಬತ್ತನ್ನು ತಟ್ಟೆಯಲ್ಲೇ ಬಿಡುವುದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ತಟ್ಟೆಯಲ್ಲಿ ರಕ್ತನಾಳ ಇಲ್ಲ, ಲಿವರ್ ಇಲ್ಲ, ಬ್ಯಾಕ್ಟೀರಿಯಾ ಇಲ್ಲ. ಕರುಳಿನ ಕ್ಯಾನ್ಸರ್‌ನಲ್ಲಿ ಜನ ಸಾಯುವುದು ಹೆಚ್ಚಾಗಿ ಅದು ಹರಡಿದ್ದರಿಂದ. ಹರಡುವುದನ್ನು ಹರಡುವ ಜಾಗ ಇಲ್ಲದೆ ನೋಡುವುದು ಹೇಗೆ?

ಎರಡನ್ನೂ ಸೇರಿಸಿದ ಕೆಲಸ ನೋಡಿ. ಬಾರ್ಸಿಲೋನಾದ ಬಾಟ್ಲೆ ತಂಡ 2018ರಲ್ಲಿ ಎಪಿಸಿ, ಕೆ-ರಾಸ್, ಪಿ53, ಟಿಜಿಎಫ್-ಬೀಟಾ ಗ್ರಾಹಕ, ಈ ನಾಲ್ಕೂ ಕೆಟ್ಟ ಇಲಿಗಳ ಗೆಡ್ಡೆಯಿಂದ ಆರ್ಗನಾಯ್ಡ್ ಬೆಳೆಸಿ, ಪೂರ್ತಿ ರೋಗನಿರೋಧಕ ಶಕ್ತಿ ಇರುವ ಇಲಿಗಳ ಕರುಳಿಗೆ ಕಸಿ ಮಾಡಿತು. ಅದು ಲಿವರ್‌ಗೆ ಹರಡಿತು. ಪಿಡಿ-ಎಲ್1 ತಡೆಯುವ ಔಷಧ ಒಂದೇ ಕೊಟ್ಟರೆ ಹೆಚ್ಚು ಪ್ರಯೋಜನ ಆಗಲಿಲ್ಲ, ಬಹುಪಾಲು ರೋಗಿಗಳಲ್ಲಿ ಆಗುವ ಹಾಗೆಯೇ. ಟಿಜಿಎಫ್-ಬೀಟಾ ಅನ್ನುವ ಸಿಗ್ನಲ್ ಅನ್ನೂ ತಡೆದಾಗ ಟಿ ಕೋಶಗಳು (ಕ್ಯಾನ್ಸರ್ ಕೊಲ್ಲುವ ರೋಗನಿರೋಧಕ ಕೋಶಗಳು) ಗೆಡ್ಡೆಯ ಒಳಗೆ ನುಗ್ಗಿದವು. ಎಂಸಿ38 ಕೊಡುವ ಉತ್ತರಕ್ಕಿಂತ ಇದು ನಿಜಕ್ಕೆ ಹತ್ತಿರ.

ಆರ್ಗನಾಯ್ಡ್ ಬೆಳೆಸುವವ:

ಅದು ಒಳ್ಳೆಯ ಕೆಲಸ, ಒಪ್ಪಿದೆ. ಹಾಗಾದರೆ ಪ್ರತಿ ಅರ್ಜಿಯಲ್ಲೂ "ಇದು ತಟ್ಟೆಯಲ್ಲಿ ಯಾಕೆ ಆಗುವುದಿಲ್ಲ" ಅನ್ನುವ ಒಂದು ಪ್ಯಾರಾ ಇರಲಿ. ನನ್ನ ಬೇಡಿಕೆ ಅಷ್ಟೇ.

ಪ್ರಾಣಿ ವೈದ್ಯೆ:

ಇರಲೇಬೇಕು. ಅದಿಲ್ಲದ ಅರ್ಜಿಯನ್ನು ನಾನು ವಾಪಸ್ ಕಳಿಸುತ್ತೇನೆ.

ಬ್ಯಾಕ್ಟೀರಿಯಾ ಹುಡುಗಿ:

ಬ್ಯಾಕ್ಟೀರಿಯಾ ಅಂತ ಒಂದೇ ಮಾತಿನಲ್ಲಿ ದಾಟಿಬಿಟ್ಟಿರಿ, ಅದೇ ಎಷ್ಟೋ ಪ್ರಯೋಗಗಳನ್ನು ಕೆಡಿಸುವುದು! ಇಲಿಗಳು ಒಂದರ ಹಿಕ್ಕೆ ಇನ್ನೊಂದು ತಿನ್ನುತ್ತವೆ. ಒಂದು ಪಂಜರದ ಇಲಿಗಳಿಗೆಲ್ಲ ಒಂದೇ ಥರದ ಬ್ಯಾಕ್ಟೀರಿಯಾ. ಔಷಧ ಕೊಟ್ಟ ಇಲಿಗಳೆಲ್ಲ ಒಂದು ಪಂಜರ, ಕೊಡದವೆಲ್ಲ ಇನ್ನೊಂದು ಪಂಜರ ಅಂತ ಇಟ್ಟರೆ ನೀವು ಹೋಲಿಸಿದ್ದು ಔಷಧವನ್ನಾ, ಪಂಜರವನ್ನಾ? ಒಂದೇ ಸೂಲಿನ ಮರಿಗಳನ್ನು ಎರಡೂ ಗುಂಪಿಗೆ ಹಂಚಬೇಕು, ಪ್ರತಿ ಗುಂಪಿಗೂ ಹಲವು ಪಂಜರ ಇರಬೇಕು. ಒಂದು ಕಟ್ಟಡದಲ್ಲಿ ಬಂದ ಗೆಡ್ಡೆ ಇನ್ನೊಂದಕ್ಕೆ ಸಾಗಿಸಿದ ಮೇಲೆ ಬರದೇ ಹೋಗುವುದಕ್ಕೂ ಇದೊಂದು ಕಾರಣ.

ಇದೇ ವಿಷಯದಲ್ಲಿ ಇಲಿ ದಾರಿ ತೋರಿಸಿದ್ದೂ ಇದೆ. ಕೊಲಿಬ್ಯಾಕ್ಟಿನ್ ಅನ್ನುವ ವಿಷ ತಯಾರಿಸುವ ಇ. ಕೊಲೈ ಇದ್ದರೆ ಉರಿಯೂತ ಇರುವ ಇಲಿಗಳಲ್ಲಿ ಗೆಡ್ಡೆ ಹೆಚ್ಚುತ್ತದೆ, ವಿಷದ ಜೀನ್ ತೆಗೆದರೆ ಕಡಿಮೆಯಾಗುತ್ತದೆ ಅಂತ 2012ರಲ್ಲಿ ತೋರಿಸಿದರು. 2020ರಲ್ಲಿ ಅದೇ ವಿಷ ಡಿಎನ್‌ಎ ಮೇಲೆ ಬಿಡುವ ಗುರುತು ಮನುಷ್ಯರ ಕರುಳಿನ ಕ್ಯಾನ್ಸರ್‌ಗಳಲ್ಲೂ ಸಿಕ್ಕಿತು.

ದೊಡ್ಡ ಪ್ರಾಣಿಗಳ ಕಡೆ:

ಇಲಿ ಬಿಟ್ಟರೆ ಬೇರೇನೂ ಇಲ್ಲ ಅನ್ನುವ ಹಾಗಾಗಬಾರದು, ಚಿಕ್ಕದಾಗಿ ಹೇಳುತ್ತೇನೆ. 2007ರಲ್ಲಿ ಬಂದ, ದೊಡ್ಡ ಜಾತಿಯ ಇಲಿಯಾದ ಪಿರ್ಕ್ ರ‍್ಯಾಟ್‌ನಲ್ಲಿ ಎಪಿಸಿ ಕೆಟ್ಟಿದೆ, ಗೆಡ್ಡೆಗಳು ದೊಡ್ಡ ಕರುಳಿನಲ್ಲಿ ಚೆನ್ನಾಗಿ ಬರುತ್ತವೆ, ಮಿನ್ ಇಲಿಗಿಂತ ಜಾಸ್ತಿ ದಿನ ಬದುಕುತ್ತದೆ. ಸ್ಕೋಪ್ ಹಾಕಿ ಅದೇ ಗೆಡ್ಡೆಯನ್ನು ತಿಂಗಳುಗಟ್ಟಲೆ ನೋಡಬಹುದು. ಜರ್ಮನಿಯಲ್ಲಿ 2012ರಲ್ಲಿ ಎಪಿಸಿ ಕೆಟ್ಟ ಹಂದಿ ತಯಾರಾಯಿತು, ಮನುಷ್ಯರಿಗೆ ಬಳಸುವ ಕೊಲೊನೊಸ್ಕೋಪ್ ಅದಕ್ಕೂ ಆಗುತ್ತದೆ. ಹಣ್ಣಿನ ನೊಣದಲ್ಲೂ ಕೆಲಸ ಆಗಿದೆ. 2019ರಲ್ಲಿ ಒಬ್ಬ ರೋಗಿಯ ಗೆಡ್ಡೆಯ ಒಂಬತ್ತು ಜೀನ್ ಬದಲಾವಣೆಗಳನ್ನು ನೊಣದಲ್ಲಿ ತಂದು, ಔಷಧಗಳನ್ನು ಹುಡುಕಿ, ಎರಡರ ಜೋಡಿ ಆ ರೋಗಿಗೆ ಕೊಟ್ಟರು. ಸುಮಾರು 11 ತಿಂಗಳು ಗೆಡ್ಡೆ ಹತೋಟಿಯಲ್ಲಿತ್ತು.

ಹೊಸ ಸ್ಕಾಲರ್:

ಎಲ್ಲರದ್ದೂ ಓದಿ ಎರಡು ಪುಟ ತಿರುಗಿ ಬರೆದೆ. ನನ್ನ ಪ್ರಶ್ನೆ ಈಗ ಹೀಗಿದೆ: ಕೊಲೈಟಿಸ್ ಇರುವ ಕರುಳಿನಲ್ಲಿ ಗೆಡ್ಡೆ ಶುರುವಾಗುವುದನ್ನು ಈ ಸಂಯುಕ್ತ ತಡೆಯುತ್ತದಾ. ಹರಡುವುದರ ಬಗ್ಗೆ ಏನೂ ಹೇಳುವುದಿಲ್ಲ. ಮೊದಲು ಆರ್ಗನಾಯ್ಡ್‌ನಲ್ಲಿ ಸಂಯುಕ್ತ ಕೋಶಗಳನ್ನು ಸುಮ್ಮನೆ ಕೊಲ್ಲುತ್ತದಾ ನೋಡುವುದು. ಆಮೇಲೆ ಎಒಎಂ-ಡಿಎಸ್‌ಎಸ್, ಸಂಯುಕ್ತವನ್ನು ಎಒಎಂ ಆದ ಮೇಲೆ ಬಾಯಿಗೆ ನೇರವಾಗಿ ಕೊಡುವುದು, ಒಂದೇ ಸೂಲಿನ ಮರಿಗಳನ್ನು ಹಂಚುವುದು, ಗಂಡು ಹೆಣ್ಣು ಎರಡೂ. ಅಲ್ಲಿ ಫಲ ಕಂಡರೆ ಮಾತ್ರ ಮಿನ್ ಇಲಿ, ರಾಸಾಯನಿಕ ಇಲ್ಲದೆಯೂ ಕೆಲಸ ಮಾಡುತ್ತದಾ ಅಂತ. ಡೋಸ್ ಕೆಜಿಗೆ 100 ಮಿಲಿಗ್ರಾಂ ಅಂದುಕೊಂಡಿದ್ದೇನೆ. ನೋವಿಗೆ ಮೆಲಾಕ್ಸಿಕ್ಯಾಮ್ ಕೊಡಬಹುದಾ?

ಪ್ರಾಣಿ ವೈದ್ಯೆ:

ಮೆಲಾಕ್ಸಿಕ್ಯಾಮ್ ಬೇಡ. ಅದು ಕಾಕ್ಸ್-2 ತಡೆಯುವ ಔಷಧ, ಪಾಲಿಪ್ ಕಡಿಮೆ ಮಾಡಿಬಿಡಬಹುದು, ಆಮೇಲೆ ನಿಮ್ಮ ಸಂಯುಕ್ತದ ಕೆಲಸ ಯಾವುದು ಇದರ ಕೆಲಸ ಯಾವುದು ಗೊತ್ತಾಗುವುದಿಲ್ಲ. ಹಾಗಂತ ನೋವಿಗೆ ಏನೂ ಕೊಡದೆ ಬಿಡುವ ಹಾಗಿಲ್ಲ. ಬ್ಯುಪ್ರೆನಾರ್ಫಿನ್ ಬಗ್ಗೆ ನಿಮ್ಮ ಇಲಿಮನೆಯ ವೈದ್ಯರ ಜೊತೆ ಮಾತಾಡಿ, ಎರಡೂ ಗುಂಪಿಗೆ ಒಂದೇ ಥರ ಕೊಡಿ.

ಕರುಳು ಲ್ಯಾಬ್:

ಡೋಸ್ ಲೆಕ್ಕ ಮಾಡಿದ್ದೀರಾ? ಇಲಿಯ ಡೋಸ್ ಅನ್ನು 12.3ರಿಂದ ಭಾಗಿಸಿದರೆ ಮನುಷ್ಯರ ಅಂದಾಜು ಸಿಗುತ್ತದೆ. 100 ಅಂದರೆ ಕೆಜಿಗೆ ಸುಮಾರು 8 ಮಿಲಿಗ್ರಾಂ, 60 ಕೆಜಿ ತೂಕದವರಿಗೆ ದಿನಕ್ಕೆ ಅರ್ಧ ಗ್ರಾಂ ಹತ್ತಿರ. ಆಗುವ ಮಾತೇ. ಆದರೆ ಒಂದೇ ಡೋಸ್ ಸಾಲದು, ಕಡಿಮೆಯದ್ದೂ ಒಂದು ಇರಲಿ.

ಪ್ಯಾಥಾಲಜಿ ಮೇಜು:

ಯೋಜನೆ ಚೆನ್ನಾಗಿದೆ. ಕೊನೆಯ ದಿನದ ಕೆಲಸವನ್ನೂ ಈಗಲೇ ಬರೆದಿಡಿ. ಕರುಳನ್ನು ಉದ್ದಕ್ಕೆ ಸೀಳಿ, ತಣ್ಣನೆ ಸಲೈನ್‌ನಲ್ಲಿ ತೊಳೆದು, ಚಪ್ಪಟೆಯಾಗಿ ಹರಡಿ ಫೋಟೋ ತೆಗೆಯಿರಿ. ಗೆಡ್ಡೆ ಎಷ್ಟು, ಪ್ರತಿಯೊಂದರ ಅಡ್ಡಳತೆ ಎಷ್ಟು, ಸಣ್ಣ ಕರುಳು ದೊಡ್ಡ ಕರುಳು ಬೇರೆ ಬೇರೆ. ಎಣಿಸುವವರಿಗೆ ಯಾವ ಇಲಿ ಯಾವ ಗುಂಪಿನದು ಅಂತ ಗೊತ್ತಿರಬಾರದು. ಆಮೇಲೆ ಗುದದ ತುದಿ ಒಳಗೆ ಬರುವ ಹಾಗೆ ಸುರುಳಿ ಸುತ್ತಿ ಫಾರ್ಮಲಿನ್‌ಗೆ ಹಾಕಿ. ಆಗ ಒಂದೇ ಸ್ಲೈಡ್‌ನಲ್ಲಿ ಪೂರ್ತಿ ದೊಡ್ಡ ಕರುಳು ಕಾಣುತ್ತದೆ. ಗೆಡ್ಡೆ ಇಲ್ಲದ ಜಾಗವನ್ನೂ ನೋಡಬೇಕು, ಅಲ್ಲಿ ಉರಿಯೂತ ಎಷ್ಟು ಉಳಿದಿದೆ ಅನ್ನುವುದರಲ್ಲೇ ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಇರುತ್ತದೆ.